ಗೋಲ್‌ಕೀಪರ್ ನಾಪತ್ತೆ!

ಮೊದಲ ಚೆಂಡು ನನ್ನ ಕಿವಿ ಸವರಿಕೊಂಡು ಹೋಯಿತು.

ಎರಡನೆಯದು ಹೊಟ್ಟೆಗೇ ಬಿತ್ತು!

ನನ್ನ ಕೈಗಳನ್ನು ಹಳೇ ಜರ್ಸಿಗಳಿಂದ ಗೋಲ್ ಕಂಬಕ್ಕೆ ಕಟ್ಟಿದ್ದರು. ಎದುರಿಗೆ ಚೆಂಡು ಉಗುಳುವ ಮೆಷಿನ್. ಅದರ ಹಿಂದೆ ಸೀಟಿ ಕಚ್ಚಿಕೊಂಡ ಕೋಚ್. ಸುತ್ತ ಟೀಮಿನ ಮಕ್ಕಳ ಹನ್ನೊಂದು ಜನ ಅಪ್ಪಂದಿರು. ಮೇಲೆ ತಗಡಿನ ಚಾವಣಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು, ವರ್ಷವಿಡೀ ಒಂದೇ ಹವೆ.

"ಅಂಟು ಎಲ್ಲಿ?" ಎಂದ ಕೋಚ್.

ಅಂಟು ಅವರ ಗೋಲ್‌ಕೀಪರ್. ಒಂಬತ್ತು ವರ್ಷದ ಹುಡುಗಿ. ಕೈಗೆ ಸಿಕ್ಕ ಚೆಂಡನ್ನು ಬಿಡುವವಳಲ್ಲ, ಅದಕ್ಕೇ ಆ ಹೆಸರು. ಇನ್ನು ಇಪ್ಪತ್ತು ನಿಮಿಷಕ್ಕೆ ಫೈನಲ್.

"ಸ್ಟೇಷನರಿ ಅಂಗಡೀಲಿ ಕೇಳಿ ಸಾರ್" ಎಂದೆ.

ಮೂರನೆಯ ಚೆಂಡು... ಮೊಣಕಾಲಿಗೆ!

ಮೊಣಕಾಲಿನದೇ ಕತೆ ಸ್ವಾಮಿ ಇದು. ಹಿಂದಿನ ದಿನ ಅಂಟುವಿನ ಅಜ್ಜಿ ನನ್ನ ಪತ್ತೇದಾರಿ ಆಫೀಸಿಗೆ ಬಂದಿದ್ದರು. ಮಗುವಿನ ಮೊಣಕಾಲು ಬನ್ನಿನಂತೆ ಊದಿತ್ತು. ಒಂದು ತಿಂಗಳು ಆಡಬಾರದೆಂದು ಡಾಕ್ಟರು ಬರೆದ ಚೀಟಿಯನ್ನು ಕೋಚ್ ಹರಿದು ಬಿಸಾಕಿದ್ದ. ಈಗ ಆಡಿದರೆ ಕಾಲು ಹೋದಂತೆಯೇ.

"ನನ್ ಮಗಾನೂ ಆ ಕೋಚ್ ಕಡೇನೇ ಕಣಪ್ಪಾ. ಫೈನಲ್ ಮುಗಿಯೋ ತನಕ ಮಗೂನ ಬಚ್ಚಿಡು."

ಬಚ್ಚಿಟ್ಟಿದ್ದೆ.

ಅಂಟುವಿನ ಅಪ್ಪ ಮುಂದೆ ಬಂದು ನನ್ನ ಕಾಲರ್ ಹಿಡಿದ.

"ನನ್ ಮಗಳು ಎಲ್ಲೋ?"

"ಅವಳ ಮೊಣಕಾಲು ಹೇಗಿದೆ ಸಾರ್?"

ಅವನು ಕೋಚ್ ಮುಖ ನೋಡಿದ.

"ನೋವು ಅನ್ನೋದು ಮನಸ್ಸಲ್ಲಿರುತ್ತೆ" ಎಂದ ಕೋಚ್.

"ಹೌದ್ಹೌದು... ಮನಸ್ಸಲ್ಲಿರುತ್ತೆ" ಎಂದ ಅಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನನ್ನ ಕೈ ಕಟ್ಟಿದ್ದವನು ಇವನೇ. ಮಗಳ ಶೂ ಲೇಸನ್ನು ಒಂದು ದಿನವೂ ಕಟ್ಟದವನ ಗಂಟು ಎಷ್ಟು ಹೊತ್ತು ನಿಂತೀತು?

ಕಿತ್ತುಕೊಂಡು ಓಡಿದೆ!

ಹನ್ನೊಂದು ಅಪ್ಪಂದಿರು ಬೆನ್ನ ಹಿಂದೆ...

"ಲೆಫ್ಟ್ ಕವರ್ ಮಾಡ್ರೀ!"

"ನಿಮ್ ಮಗನ್ ಹಾಗೆ ನಿಂತ್ಕೋಬೇಡ್ರೀ, ಓಡ್ರೀ!"

"ನನ್ ಮಗನ ಸುದ್ದಿಗೆ ಬರಬೇಡಿ!"

ಅವರವರಲ್ಲೇ ಜಗಳ ಹತ್ತಿಕೊಂಡಿತು. ಅಷ್ಟರಲ್ಲಿ ನಾನು ಹಿಂಬಾಗಿಲು ತಲುಪಿದ್ದೆ. 'ತೆರೆಯಬೇಡಿ, ಎಸಿ ಹಾಳಾಗುತ್ತದೆ' ಎಂಬ ಬೋರ್ಡು. ಚಿಲಕ ಎಳೆದು ಹೊರಗೆ ಹಾರಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಒಳಗಿನಿಂದ ದನಿ ಕೇಳಿಸಿತು.

"ಹೊರಗೂ ನೋಡೋಣ್ವಾ ಕೋಚ್?"

"ಹೊರಗಾ? ಬಿಸಿಲಲ್ಲಿ? ತಲೆ ಕೆಟ್ಟಿದ್ಯೇನ್ರೀ? ನಮ್ ಕ್ಲಬ್ ಮಕ್ಕಳು ಹೊರಗೆ ಹೋಗಲ್ಲ. ಸ್ಟೋರ್ ರೂಮ್ ಇನ್ನೊಂದ್ಸಲ ನೋಡಿ!"

ಸ್ವಲ್ಪ ಹೊತ್ತಿಗೆ ರೆಫರಿಯ ಉದ್ದನೆಯ ಸೀಟಿ... ಗೋಲ್‌ಕೀಪರ್ ಇಲ್ಲದ ಟೀಮಿಗೆ ಫೈನಲ್ ಇಲ್ಲ.

ನಾನು ತಿರುಗಿದೆ. ಕ್ಲಬ್ಬಿನ ಹಳೇ ಮೈದಾನ. ಐದು ವರ್ಷದಿಂದ ಯಾರೂ ಕಾಲಿಡದೆ ನಿಜವಾದ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಡುವೆ ಅಜ್ಜಿ. ಅವರ ತೊಡೆಯ ಮೇಲೆ ಅಂಟುವಿನ ಊದಿದ ಕಾಲು. ಹುಡುಗಿ ಹುಬ್ಬು ಗಂಟಿಕ್ಕಿ ಆಕಾಶ ನೋಡುತ್ತಿದ್ದಳು.

"ಅಂಕಲ್, ಲೈಟು ಕಣ್ಣು ಕುಕ್ಕುತ್ತೆ. ಸ್ವಿಚ್ ಎಲ್ಲಿದೆ?"

"ಇದಕ್ಕೆ ಸ್ವಿಚ್ ಇಲ್ಲ ಪುಟ್ಟಾ. ಕೋಚ್‌ಗೆ ಮಾತ್ರ ಹೇಳ್ಬೇಡ... ಹಾಕಿಸಿಬಿಡ್ತಾನೆ!"