ತಡವಾಗಿ ಓಗೊಟ್ಟ ಕಾರು

"ಮುಟ್ಟಬೇಡಿ!"

ಅವನು ಕಿರುಚಿದ ರಭಸಕ್ಕೆ ಅಂಗಡಿಯ ಗೋಡೆ ಮೇಲಿದ್ದ ಗಡಿಯಾರಗಳೆಲ್ಲ ಒಂದು ಗಳಿಗೆ ಉಸಿರು ಹಿಡಿದವು. ಮೇಜಿನ ಹಿಂದಿದ್ದವಳು ಮಾತ್ರ ರೆಪ್ಪೆ ಕೂಡ ಅಲುಗಿಸಲಿಲ್ಲ. ಬೀದಿಯವರು ಅವಳಿಗೆ 'ಮುಳ್ಳು' ಎಂದು ಹೆಸರಿಟ್ಟದ್ದು ಸುಮ್ಮನೆಯೇ? ಕೈಯಲ್ಲಿ ದಿನವಿಡೀ ಗಡಿಯಾರದ ಮುಳ್ಳು, ನಾಲಿಗೆಯಲ್ಲಿ ಇನ್ನೊಂದು!

"ಮುಟ್ಟದೆ ಬ್ಯಾಟರಿ ಹಾಕೋಕೆ ನಾನೇನು ಮಂತ್ರವಾದೀನಾ, ಸಾರ್?"

ಅವನ ಮುಖ ಕೆಂಪಾಯಿತು. ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರು. ಬೆರಳ ತುಂಬ ನೀಲಿ ಬಣ್ಣ.

"ತಪ್ಪು ತಿಳ್ಕೋಬೇಡಿ... ಇದು ನಮ್ಮಕ್ಕನ ಕಾರಿನ ಕೀ. ಅಕ್ಕ ಈಗ ಇಲ್ಲ. ನನ್ನ ಸಾಕಿದವಳು. ಬಟನ್ ಒತ್ತಿದ್ರೆ ಕಾರು ಮಿಸುಕ್ತಾನೇ ಇಲ್ಲ. ಒಳಗಿಂದು ಏನೂ ಕಳೀಬಾರದು, ಅಷ್ಟೇ."

ಅಯ್ಯೋ, ಆ ಕಣ್ಣುಗಳು! ಬಾವಿಯೂ ಅಷ್ಟು ಆಳ ಇರುವುದಿಲ್ಲ.

ಅದೇ ಹೊತ್ತಿಗೆ ಅವಳು ತೀರಿಕೊಂಡ ಅಪ್ಪನ ಕಾರಿನ ಕೀ ಬಿಚ್ಚಿಟ್ಟುಕೊಂಡು ಅದಕ್ಕೂ ಹೊಸ ಬ್ಯಾಟರಿ ಹಾಕುತ್ತಿದ್ದಳು. ಎರಡೂ ಒಂದೇ ಕಂಪನಿಯ ಕಾರು, ಒಂದೇ ಥರದ ಕರೀ ಕೀ. ಒಂದರ ಹೊಟ್ಟೆ ಮುಚ್ಚದೆ ಇನ್ನೊಂದರ ಹೊಟ್ಟೆ ತೆರೆಯಕೂಡದು ಅನ್ನುವುದು ಆ ಮೇಜಿಗೆ ಅಪ್ಪ ಹಾಕಿದ್ದ ಕಟ್ಟಳೆ. ಅವತ್ತು ಆ ಕಟ್ಟಳೆ ಎಲ್ಲಿ ಹೋಯಿತೋ! ಎರಡನ್ನೂ ತೆರೆದಳು. ಬಿಲ್ಲೆಯಂಥ ಹಳೇ ಬ್ಯಾಟರಿ ಎಬ್ಬಿಸಿ ಹೊಸದು ಕೂರಿಸಿದಳು. ಒರೆಸಲೆಂದು ಚಿಪ್ಪುಗಳನ್ನು ಬೋರಲು ಹಾಕಿದಾಗ ಒಳಗಿನ ಸರ್ಕ್ಯೂಟ್ ಹಲಗೆಗಳಲ್ಲಿ ಎಡದ್ದು ಬಲಕ್ಕೆ ಬಂತು, ಬಲದ್ದು ಎಡಕ್ಕೆ. ಅದು ಅವಳಿಗೆ ತಿಳಿಯಲಿಲ್ಲ. ಹೇಗೆ ತಿಳಿದೀತು? ಅವಳು ನೋಡುತ್ತಿದ್ದದ್ದು ಅವನ ರೆಪ್ಪೆಗಳನ್ನು!

ಅವನು ಕೀ ಎದೆಗೊತ್ತಿಕೊಂಡು ಹೋದ.

ಅವತ್ತು ಸಂಜೆ...

ಅಂಗಡಿಯ ಹಿಂದೆಯೇ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಅಪ್ಪನ ಕಾರು, ಬೂದು ಬಟ್ಟೆ ಹೊದ್ದು ನಿಂತಿತ್ತು. ಅಪ್ಪ ಹೋದಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಆಗಾಗ ಅಮ್ಮ ಮಾತ್ರ ಸ್ಟಾರ್ಟ್ ಮಾಡಿ, ಮೈ ಬೆಚ್ಚಗಾಯಿತು ಎಂದು ಆಫ್ ಮಾಡುತ್ತಿದ್ದಳು.

ಮಗಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಶೆಡ್ಡಿನೊಳಗೆ 'ಕಟ್' ಎಂದಿತು. ಬೂದು ಬಟ್ಟೆಯಡಿ ಎರಡು ಕಿತ್ತಳೆ ಕಣ್ಣು ತೆರೆದವು... ಮುಚ್ಚಿದವು.

ಹತ್ತಿರ ಯಾರೂ ಇಲ್ಲ. ಕೀ ಒಳಗೆ ಮೊಳೆಗೆ ತೂಗುಬಿದ್ದಿದೆ.

ಅವಳ ರಕ್ತ ಮಂಜುಗಡ್ಡೆಯಾಯಿತು.

"ನಿಮ್ಮಪ್ಪ ಬಂದ್ರು ಕಣೆ!" ಬಾಗಿಲಲ್ಲಿ ನಿಂತ ಅಮ್ಮ ಸೆರಗು ಸರಿಮಾಡಿಕೊಂಡಳು.

"ಅಮ್ಮಾ, ಸುಮ್ನಿರು!"

"ನಾನ್ಯಾಕೆ ಸುಮ್ನಿರ್ಲಿ? ಬದುಕಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಮನೆಗೆ ಬಂದೋರಲ್ಲ. ಈಗ ನೋಡು, ದೀಪ ಹಚ್ಚೋ ಹೊತ್ತಿಗೇ ಹಾಜರ್!"

ಮಗಳು ಓಡಿಹೋಗಿ ಕೀ ತಂದು ಬಟನ್ ಒತ್ತಿದಳು. "ಅಪ್ಪಾ...?"

ಕಾರು ಸುಮ್ಮನಿತ್ತು. ಹಿತ್ತಲಿನ ಎತ್ತರದ ಗೋಡೆಯಾಚೆ, ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಮನೆಯ ಕಡೆಯಿಂದ, ಯಾರೋ ಬಿಕ್ಕಿದ ಹಾಗಾಯಿತು!

ಮರುದಿನವೂ ಅದೇ. ಅದರ ಮರುದಿನವೂ. ಕಣ್ಣು ತೆರೆಯುತ್ತಿತ್ತು, ಅವಳು ಒತ್ತುತ್ತಿದ್ದಳು, ಗೋಡೆಯಾಚೆ ಪಿಸುಪಿಸು ಮಾತು. ಹೆದರಿಕೆ ಆಗದೇ ಇರಲಿಲ್ಲ. ಆದರೂ ಸಂಜೆಯಾಯಿತೆಂದರೆ ಅವಳು ತಲೆ ಬಾಚಿಕೊಂಡು ಶೆಡ್ಡಿನ ಮುಂದೆ ನಿಲ್ಲುತ್ತಿದ್ದಳು.

ಹಗಲು ಹೊತ್ತು ಮೇಷ್ಟ್ರು ಬರತೊಡಗಿದ. ಒಂದು ದಿನ ವಾಚಿನ ಪಟ್ಟಿ, ಇನ್ನೊಂದು ದಿನ ಗಾಜು. ಲೋಕದಲ್ಲಿರುವ ಕಾಯಿಲೆಯೆಲ್ಲ ಆ ಒಂದು ವಾಚಿಗೇ ಬಂದಿತ್ತು.

"ನಿಮ್ಮ ವಾಚನ್ನ ಇಲ್ಲೇ ಅಡ್ಮಿಟ್ ಮಾಡಿಬಿಡಿ, ಮೇಷ್ಟ್ರೇ."

"ಜೊತೆಗಿರೋರಿಗೆ ಕೂರೋಕೆ ಜಾಗ ಕೊಡ್ತೀರಾ?"

ಅವಳು ತಲೆ ತಗ್ಗಿಸಿ ನಕ್ಕಳು. ಅವನು ಸ್ಟೂಲೆಳೆದು ಕೂತ. ಆಮೇಲೆ ಸ್ವರ ಇಳಿಸಿದ.

"ಒಂದು ಮಾತು ಹೇಳ್ತೀನಿ, ನಗಬಾರದು. ನಮ್ಮಕ್ಕ ಕರೆದ್ರೆ ತಕ್ಷಣ ಓಗೊಡ್ತಿರಲಿಲ್ಲ. ಕೈಲಿದ್ದ ಕೆಲಸ ಮುಗಿಸಿ, ತಡವಾಗಿ 'ಓ' ಅನ್ನೋಳು. ಈಗ... ಅವಳ ಕಾರೂ ಹಾಗೇ ಮಾಡುತ್ತೆ. ನಾನು ಬಟನ್ ಒತ್ತಿದಾಗ ಸುಮ್ನಿರುತ್ತೆ. ಸ್ವಲ್ಪ ಹೊತ್ತಾದ ಮೇಲೆ, ನಾನು ಒತ್ತದೇನೇ, ಕಣ್ಣು ಮಿಟುಕಿಸುತ್ತೆ!"

ಅವಳ ಕೈಯಿಂದ ಚಿಮಟ ಜಾರಿತು.

"ಈ ಊರು ಬಿಟ್ಟು ಹೋಗೋದು ಅಂತಿದ್ದೆ. ಅಕ್ಕ ಓ ಅಂದ್ಳು, ಉಳ್ಕೊಂಡೆ."

"ನಿಮ್ಮ... ನಿಮ್ಮ ಮನೆ ಎಲ್ಲಿ?"

"ಹಿಂದಿನ ಬೀದಿ. ತುಂಬಾ ದಿನ ಖಾಲಿ ಇತ್ತಂತೆ. ಹಿಂದೆ ಒಂದು ಎತ್ತರದ ಗೋಡೆ ಇದೆ ನೋಡಿ, ಕಾರು ಅದರ ಪಕ್ಕಾನೇ..."

ಅವಳು ಅವನ ಕೀ ತೆಗೆದುಕೊಂಡು ಬಿಚ್ಚಿದಳು. ಒಳಗಿನ ಹಸಿರು ಹಲಗೆಯ ಮೇಲೆ ಅಪ್ಪ ತನ್ನ ಕೀಯ ಗುರುತಿಗೆಂದು ಸೂಜಿಯಿಂದ ಗೀಚಿದ್ದ ಸೊನ್ನೆ! ಇಷ್ಟು ದಿನ ಇವನು ಒತ್ತಿದಾಗ ಕಣ್ಣು ತೆರೆದದ್ದು ಅಪ್ಪನ ಕಾರು. ಇವಳು ಒತ್ತಿದಾಗ ಮಿಟುಕಿದ್ದು ಅಕ್ಕನ ಕಾರು.

'ಮುಚ್ಚಿಬಿಡು' ಎಂದಿತು ಮನಸ್ಸು. 'ಹೇಳಿದ್ರೆ ಇವನ ಅಕ್ಕ ಹೋಗ್ತಾಳೆ, ಇವನೂ ಹೋಗ್ತಾನೆ. ಮುಚ್ಚಿಬಿಡು...'

ಅವನು ನಂಬಿಕೆಯಿಂದ ಅವಳನ್ನೇ ನೋಡುತ್ತಿದ್ದ. ಆ ನೋಟಕ್ಕೆ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು.

ಅವನ ಮುಖ ಸುಣ್ಣದ ಗೋಡೆಯಾಯಿತು.

"ನಮ್ಮಕ್ಕನ್ನ ಎರಡನೇ ಸಲ ಸಾಯಿಸಿಬಿಟ್ರಲ್ಲ..."

"ರೀ, ನಾನು..."

ಅವನು ಕೀ ಕಿತ್ತುಕೊಂಡು ಹೊರಟೇಹೋದ.

ಆ ಸಂಜೆ ಕಾರು ಕಣ್ಣು ತೆರೆಯಲಿಲ್ಲ. ಮರುದಿನವೂ ಇಲ್ಲ. ಸತ್ತವರು ಬಂದಾಗ ಆದದ್ದಕ್ಕಿಂತ ದೊಡ್ಡ ಹೆದರಿಕೆ ಈಗ ಆಯಿತು. ಅಪ್ಪ ಈಗ ನಿಜವಾಗಿ ಸತ್ತಿದ್ದ. ಅವಳು ಕಣ್ಣೀರು ಹಾಕಿದ ಪರಿಗೆ ಹಿತ್ತಲಲ್ಲಿ ದೋಣಿ ಬಿಡಬಹುದಿತ್ತು.

ಮೂರನೆಯ ಸಂಜೆ ಮುಂಬಾಗಿಲು ಬಡಿದ ಸದ್ದು.

"ಯಾರಪ್ಪಾ?" ಅಮ್ಮನ ದನಿ.

"ಹಿಂದಿನ ಮನೆಯವನು, ಅಮ್ಮಾ."

"ಓ, ದಿನಾ ಗೋಡೆ ಹತ್ರ ನಿಂತು ಗೊಣಗೋನು ನೀನೇನಾ? 'ಅವಳು ಇವತ್ತು ನಕ್ಕಳು' ಅಂತ ಒಂದಿನ ಕೇಳಿಸ್ತು. ನಮ್ಮನೆಯವರು ನನ್ನ ಹೊಗಳ್ತಿದಾರೆ ಅಂತ ನಾನು ಎಷ್ಟು ಖುಷಿಪಟ್ಟಿದ್ದೆ!"

ಅವನು ಒಳಗೆ ಬಂದು ಮೇಜಿನ ಮೇಲೆ ಕೀ ಇಟ್ಟ. ಕಣ್ಣು ಊದಿಕೊಂಡಿದ್ದವು.

"ಕೋಪ ಮಾಡ್ಕೊಂಡು ಹೋದೆ. ಆಮೇಲೆ ಹೊಳೀತು. ನಾನು ಕರೆದಾಗಲೆಲ್ಲ ಓಡಿ ಬಂದಿದ್ದು ಯಾರೋ ಬದುಕಿರೋರು. ಸತ್ತೋರ ಹತ್ರ ಮಾತಾಡೋದು ಸುಲಭ ರೀ, ಅವರು ಬೇಡ ಅನ್ನಲ್ಲ. ನಿಮ್ಮ ಹತ್ರ ಹೇಳೋಕೇ ಭಯ."

"ಏನು ಹೇಳೋಕೆ?"

"ಅಕ್ಕನಿಗೆ ದಿನಾ ಹೇಳ್ತಿದ್ದದ್ದನ್ನೇ. ನೀವು ನನಗೆ ಬೇಕು ಅಂತ."

ಅವಳು ಮೊಳೆಯಲ್ಲಿದ್ದ ಕೀಯನ್ನೂ ತಂದಿಟ್ಟಳು. ಎರಡೂ ಕೀ ಬಿಚ್ಚಿದಳು. ಬ್ಯಾಟರಿಗಳನ್ನು ತೆಗೆದು ಪಕ್ಕಕ್ಕಿಟ್ಟಳು. ಹಲಗೆಗಳನ್ನು ಅದಲುಬದಲು ಮಾಡಲು ಕೈಯಿಟ್ಟಳು...

'ಕಟ್.'

ಹಿತ್ತಲ ಕಿಟಕಿಯಲ್ಲಿ ಕಿತ್ತಳೆ ಬೆಳಕು ಹೊಳೆದು ಆರಿತು.

ಮೇಜಿನ ಮೇಲೆ ಎರಡೂ ಕೀಗಳು ಹೊಟ್ಟೆ ಬಿಚ್ಚಿ, ಬ್ಯಾಟರಿ ಇಲ್ಲದೆ ಬಿದ್ದಿದ್ದವು.

"ಈಗ... ಒತ್ತಿದ್ದು ಯಾರು?" ಅವನು ಪಿಸುಗುಟ್ಟಿದ.

ಅಡುಗೆಮನೆಯಿಂದ ಅಮ್ಮ ಕೂಗಿದಳು: "ಇನ್ಯಾರು? ನಿಮ್ಮಪ್ಪನೇ ಕಣೆ! ಅಳಿಯನ್ನ ನೋಡೋಕೆ ಬಂದಿದಾರೆ!"

ಕತ್ತಲು ಕಿಟಕಿಗೆ ಬಂದು ಮುಖವಿಟ್ಟಿತ್ತು.

"ಹೆದರಿಕೆ ಆಯ್ತಾ?" ಅಂದ.

"ಇಲ್ಲಪ್ಪ."

"ಮತ್ತೆ ನನ್ನ ಕೈ ಯಾಕಿಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀರಾ?"

"ಅದು... ಹೆದರಿಕೆಗಲ್ಲ."