ಜೇಬು ಮುಟ್ಟದ ಕಳ್ಳ

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ತೆಗೆದದ್ದೇ ತಡ, ಅಳಿಯನ ಮುಖ ಬಿಳಿಚಿಕೊಂಡಿತು.

"ಇಲ್ಲ."

"ಏನಿಲ್ಲ?" ಲಾಠಿ ಅತ್ತೆ ಬಗ್ಗಿ ನೋಡಿದರು.

"ತಂತಿ. ನಾನೇ ಹಾಕಿದ್ದೆ. ಯಾರೋ ಕಿತ್ತಿದ್ದಾರೆ."

ಲಾಠಿ ಅತ್ತೆ ಈ ಮನೆಯ ಯಜಮಾನರ ತಂಗಿ. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಲಾಠಿಯನ್ನು ಎಂದೋ ಇಲಾಖೆಗೆ ಒಪ್ಪಿಸಿದ್ದರು, ಹೆಸರು ಮಾತ್ರ ಅಂಟಿಕೊಂಡಿತ್ತು. ಬೆಳಿಗ್ಗೆ ಅಣ್ಣನ ಮಗಳು ಅಳುತ್ತ ಫೋನ್ ಮಾಡಿದ್ದಕ್ಕೆ ಬಂದಿದ್ದರು.

ವಿಷಯ ಇಷ್ಟು. ಮನೆ ಅಳಿಯ ಬಿಡಿಭಾಗಗಳನ್ನು ಕೂಡಿಸಿ ಹಾಲ್‌ನಲ್ಲಿ ಒಂದು ಕಂಪ್ಯೂಟರ್ ಕಟ್ಟಿ ಟೀವಿಗೆ ಜೋಡಿಸಿದ್ದ. ಸಿನಿಮಾ, ಹಾಡು ಎಲ್ಲ ಅದರಲ್ಲೇ. ವಾರದ ಹಿಂದೆ ಇದ್ದಕ್ಕಿದ್ದಂತೆ ಸದ್ದು ಹೋಯಿತು. ಚಿತ್ರ ಮಾತ್ರ ಬರುತ್ತಿತ್ತು. "ಒಳ್ಳೇ ಕಾರ್ಡು ಮಾರ್ಕೊಂಡು ಗುಜರಿ ಕಾರ್ಡು ತುರುಕಿದ್ದಾನೆ" ಎಂದರು ಅವನ ಅತ್ತೆ, ಮನೆಯೊಡತಿ. ಮಾತಿಗೆ ಮಾತು ಬೆಳೆಯಿತು. ಈಗ ಮಗಳು ಅಳಿಯನ ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು. ಸಂಜೆಯೊಳಗೆ ಕಳ್ಳನ ಪಟ್ಟ ಕಳಚದಿದ್ದರೆ ಅವರು ಹೊರಡುವವರೇ.

"ಬಿಡಿಸಿ ಹೇಳಪ್ಪ. ನಂಗೆ ಕಳ್ಳರ ಭಾಷೆ ಬರುತ್ತೆ, ಕಂಪ್ಯೂಟರ್ ಭಾಷೆ ಬರಲ್ಲ."

"ಈ ಗ್ರಾಫಿಕ್ಸ್ ಕಾರ್ಡಿಂದ ಟೀವಿಗೆ ಹೋಗೋದು ಒಂದೇ ಕೇಬಲ್, ಚಿಕ್ಕತ್ತೆ. ಚಿತ್ರ ಕಾರ್ಡೇ ಕೊಡುತ್ತೆ. ಸೌಂಡ್ ಮಾತ್ರ ಮದರ್‌ಬೋರ್ಡಿಂದ ಬರಬೇಕು. ಹಳೇ ಮಾದರಿ. ನಡುವೆ ಎರಡೆಳೆಯ ಸಣ್ಣ ತಂತಿ ಸಿಕ್ಕಿಸಬೇಕು. ಅದಿಲ್ದಿದ್ರೆ ಟೀವಿ ಮೂಕ."

"ಇಷ್ಟು ದಿನ ಯಾಕೆ ಬಿಚ್ಚಿ ನೋಡ್ಲಿಲ್ಲ?"

"ಸೆಟ್ಟಿಂಗ್ಸ್ ನೋಡ್ದೆ. ಕೇಬಲ್ ಬದಲಾಯಿಸ್ದೆ. ಬಿಚ್ಚೋಕೆ ಹೋದ್ರೆ, ಇನ್ನೊಂದ್ಸಲ ಮುಟ್ಟಿದ್ರೆ ನೋಡು ಅಂದ್ರು ಅತ್ತೆ."

ಲಾಠಿ ಅತ್ತೆ ಟಾರ್ಚ್ ಬಿಟ್ಟರು. ಒಳಗಿನ ವೈರುಗಳೆಲ್ಲ ಒಂದೆಡೆ ಸೇರಿದ್ದವು. ಅಲ್ಲಲ್ಲಿ ಬಿಳಿ ದಾರದ ಗಂಟು.

"ಹೀಗೆ ಕಟ್ಟಿದ್ದು ನೀನಾ?"

"ನಾನಾ? ನಂದು ಕಾಗೆ ಗೂಡು."

ಕದಿಯಲು ಬಂದವನು ಮನೆ ಗುಡಿಸಿ ಹೋಗಿದ್ದ. ಗಂಟು ಲಾಠಿ ಅತ್ತೆಗೆ ಎಲ್ಲೋ ನೋಡಿದ ಹಾಗಿತ್ತು.

* * *

ಮನೆಯೊಡತಿ ಅಡುಗೆಮನೆಯಲ್ಲಿದ್ದರು.

"ಅತ್ತಿಗೆ, ಟೀವಿ ಗಲಾಟೆ ನಿಂತಿದ್ದು ನಿಮಗೆ ನೆಮ್ಮದಿ ಅಲ್ವಾ?"

"ನೆಮ್ಮದಿನೇ. ಕೆಳಗೆ ಅಕ್ಷರ ಬರುತ್ತೆ, ಓದ್ಕೊಂಡು ನೋಡ್ತೀವಿ. ಹಾಗಂತ ನಾನು ಆ ಪೆಟ್ಟಿಗೆಗೆ ಕೈ ಹಾಕ್ತೀನಾ? ಕರೆಂಟ್ ಹೊಡೆದ್ರೆ ನೀನು ಬದುಕಿಸ್ತೀಯಾ? ಮೊದ್ಲು ಈ ಸೂಜಿಗೆ ದಾರ ಪೋಣಿಸಿಕೊಡು."

ಕಾರಣ ಇತ್ತು. ಅಂಥ ಗಂಟು ಹಾಕುವಷ್ಟು ಹತ್ತಿರದ ದೃಷ್ಟಿ ಇರಲಿಲ್ಲ. ಲಾಠಿ ಅತ್ತೆ ದಾರ ಪೋಣಿಸಿ ಕೊಟ್ಟರು.

ಮಗಳು ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಬೇರೆ ಮನೆ ಮಾಡೋ ಆಸೆ ನಿಂಗಿತ್ತಲ್ಲ, ಪುಟ್ಟಿ?"

"ಇತ್ತು. ಗಂಡನ್ನ ಕಳ್ಳ ಅನ್ನಿಸ್ಕೊಂಡು ಹೋಗೋ ಆಸೆ ಇರ್ಲಿಲ್ಲ, ಅತ್ತೆ." ಅವಳು ಕಣ್ಣೊರೆಸಿಕೊಂಡಳು. "ಅಪ್ಪನ್ನ ಬಿಟ್ಟು ಹೋಗೋದೇ ಕಷ್ಟ. ಈ ವಾರ ಎಷ್ಟು ಖುಷಿಯಾಗಿದ್ರು ಗೊತ್ತಾ? ಮುಂಚೆ ನಾವು ನಕ್ಕ ಮೇಲೆ ನಗ್ತಿದ್ರು. ಈಗ ನಮಗಿಂತ ಮುಂಚೇನೇ ನಗ್ತಾರೆ."

ಲಾಠಿ ಅತ್ತೆ ಥಟ್ಟನೆ ಹಾಲ್‌ನತ್ತ ತಿರುಗಿದರು.

ಬಾಗಿಲಿನಿಂದ ಹಾಲ್ ಕಾಣುತ್ತಿತ್ತು. ಅಣ್ಣ ಪೇಪರ್ ಓದುತ್ತಿದ್ದರು. ಅವರ ಮೊಣಕೈ ಪಕ್ಕದಲ್ಲೇ ಫೋನ್ ಬಡಿದುಕೊಳ್ಳುತ್ತಿತ್ತು. ಅಣ್ಣ ನಿಧಾನವಾಗಿ ಹಾಳೆ ತಿರುವಿದರು.

* * *

ಸಂಜೆ ಲಾಠಿ ಅತ್ತೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದರು. ಹಳೆಯ ಹುರುಪು ಬಂದಿತ್ತು. ಅಣ್ಣನ ಕುರ್ಚಿಗೆ ಬೆನ್ನು ಹಾಕಿ, ಕಿಟಕಿಯತ್ತ ತಿರುಗಿ ನಿಂತರು. ಕಿಟಕಿಯ ಗಾಜಿನಲ್ಲಿ ನಾಲ್ವರೂ ಕಾಣುತ್ತಿದ್ದರು.

"ಕಳ್ಳ ಸಿಕ್ಕಿದ. ತಂತಿಯ ತುದಿ ಜೇಬಿಂದ ಹೊರಗೆ ಇಣುಕ್ತಿದೆ."

ಅಳಿಯ ಪ್ಯಾಂಟಿನ ಜೇಬು ತಡಕಿದ. ಮಗಳು ಬಗ್ಗಿ ನೋಡಿಕೊಂಡಳು. ಮನೆಯೊಡತಿ ಜೇಬೇ ಇಲ್ಲದ ಬಟ್ಟೆಯಲ್ಲಿ ಜೇಬು ಹುಡುಕಿದರು.

ಯಜಮಾನರು ಒಬ್ಬರೇ ಅಲ್ಲಾಡಲಿಲ್ಲ. ತಂಗಿಯ ಬೆನ್ನನ್ನೇ ನೋಡುತ್ತ, ಏನೋ ಒಳ್ಳೆಯ ಮಾತು ನಡೆದಿದೆ ಎಂಬಂತೆ ನಗುತ್ತ ಕೂತಿದ್ದರು.

"ಕುಂಬಳಕಾಯಿ ಕಳ್ಳ ಅಂದ್ರೆ ತಪ್ಪು ಮಾಡಿದವನು ಹೆಗಲು ಮುಟ್ಕೋತಾನೆ ಅಂತಾರೆ," ಎಂದರು ಲಾಠಿ ಅತ್ತೆ. "ಇಲ್ಲಿ ತಪ್ಪು ಮಾಡದ ಮೂವರೂ ಮುಟ್ಕೊಂಡ್ರು. ಕೇಳಿಸದವರು ಮಾತ್ರ ಮುಟ್ಕೊಳ್ಳಲಿಲ್ಲ. ಒಳಗಿನ ದಾರದ ಗಂಟು ಟಾಕೀಸಿನ ಯಂತ್ರದ ಕೋಣೆಯದು. ಅಲ್ಲಿ ಸೌಂಡ್ ನೋಡ್ಕೋತಿದ್ದ ಅಣ್ಣ ವೈರು ಕಟ್ತಿದ್ದಿದ್ದೇ ಹಾಗೆ. ಟೀವಿ ಮೂಕ ಆದ್ರೆ ಎಲ್ಲರೂ ಅಕ್ಷರ ಓದ್ಲೇಬೇಕು. ಆಗ ಯಾರಿಗೆ ಕೇಳಿಸಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?"

ಲೆಕ್ಕ ಸರಿಹೋಗಿತ್ತು. ಲಾಠಿ ಅತ್ತೆ ತಿರುಗಿದರು.

ಅಣ್ಣನ ನಗು ಇನ್ನೂ ಮುಖದಲ್ಲೇ ಇತ್ತು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಮಗಳು ಅಳುತ್ತಿದ್ದಳು. ನಗು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಅವರು ತುಸು ಹೊತ್ತು ಅದನ್ನು ಹಾಗೇ ಹಿಡಿದಿದ್ದರು. ಆಮೇಲೆ ಅದು ತಾನಾಗಿ ಬಿದ್ದುಹೋಯಿತು.

ಲಾಠಿ ಅತ್ತೆಯ ಕಿವಿ ಬಿಸಿಯಾಯಿತು. ಎಷ್ಟೋ ಕಳ್ಳರನ್ನು ಹಿಡಿದಿದ್ದರು. ಯಾರನ್ನೂ ಹೀಗೆ, ಅವರ ಹೆಂಡತಿ ಮಕ್ಕಳ ಎದುರಿಗೆ ಕೂರಿಸಿ ಬೆತ್ತಲೆ ಮಾಡಿರಲಿಲ್ಲ. ಫೋನ್ ಬಡಿದುಕೊಂಡಾಗಲೇ ಗೊತ್ತಾಗಿತ್ತು. ಪಕ್ಕದಲ್ಲಿ ಕೂತು ಕೇಳಿದ್ದರೆ ಸಾಕಿತ್ತು.

ಯಜಮಾನರು ಕನ್ನಡಕದ ಡಬ್ಬಿ ತೆರೆದು ತಂತಿಯನ್ನು ಮೇಜಿನ ಮೇಲಿಟ್ಟರು. ಸುರುಳಿ ಸುತ್ತಿ, ದಾರ ಕಟ್ಟಿದ್ದರು.

"ಅಳಿಯಂದ್ರೇ," ಎಂದರು, ತಲೆ ಎತ್ತದೆ. "ಇವಳು ನಿಮ್ಮನ್ನ ಕಳ್ಳ ಅಂದಿದ್ದು ನಂಗೆ ಕೇಳಿಸಲಿಲ್ಲ ಅಂತ ಹೇಳಬಹುದಿತ್ತು. ನಿಮ್ಮ ಮುಖ ಕಾಣ್ತಿತ್ತಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಈ ಕಿವಿಯಿಂದ ಅನ್ನ ತಿಂದವನು ನಾನು. ಅದೇ ಹೋಯ್ತು ಅನ್ನೋಕೆ ಬಾಯಿ ಬರಲಿಲ್ಲ."

ಅಳಿಯ ಎದ್ದು ಹೋಗಿ ತಂತಿ ತಗೊಂಡ. ಪೆಟ್ಟಿಗೆಯ ಮುಂದೆ ಕೂತು ಸಿಕ್ಕಿಸಿದ. ಟೀವಿಯಿಂದ ಹಾಡು ಹೊರಟಿತು. ಪರದೆಯ ಕೆಳಗಿನ ಅಕ್ಷರಗಳನ್ನು ಅವನು ತೆಗೆಯಲಿಲ್ಲ.

ಮನೆಯೊಡತಿ ಯಾರ ಮುಖವನ್ನೂ ನೋಡದೆ ಬಾಗಿಲಿಗೆ ಹೋದರು. ಸೂಟ್‌ಕೇಸನ್ನು ತಾವೇ ಎಳೆದುಕೊಂಡು ಒಳಗೆ ನಡೆದರು. "ನೀವು ಬಿಡಿ ಅತ್ತೆ" ಎಂದು ಅಳಿಯ ಎದ್ದ. ಅವರು ಬಿಡಲಿಲ್ಲ.

ಲಾಠಿ ಅತ್ತೆ ಕಿಟಕಿಯ ಬಳಿಯೇ ನಿಂತಿದ್ದರು. ಅಲ್ಲಿಂದ ಏನು ಹೇಳಿದರೂ ಹಾಡಿನ ನಡುವೆ ಅಣ್ಣನಿಗೆ ಕೇಳಿಸುತ್ತಿರಲಿಲ್ಲ.

ಯಜಮಾನರೇ ಕೈ ಬೀಸಿ ಕರೆದರು.

"ತಪ್ಪು ನಂದೇ, ಕಣೇ. ಹಿಡಿದಿದ್ದು ಸರಿ." ಅವರು ತಮ್ಮ ಎದುರಿನ ಜಾಗ ತೋರಿಸಿದರು. "ಇನ್ಮೇಲೆ ನನ್ಹತ್ರ ಬೆನ್ನು ಹಾಕಿ ಮಾತಾಡಬೇಡ. ಅಷ್ಟೇ."

ಲಾಠಿ ಅತ್ತೆ ಒಂದು ಕುರ್ಚಿ ಎಳೆದು ತಂದು, ಅಣ್ಣನ ಮುಖಕ್ಕೆ ಮುಖ ಕೊಟ್ಟು ಕೂತರು.