ಚೆಲ್ಲಿದ ಉಡಿ

"ಸೆರಗು ಒಡ್ಡವ್ವಾ... ಮೊದಲನೇ ಸಲ ಬಂದೀ, ಬರಿ ಉಡೀಲೆ ಕಳಸಂಗಿಲ್ಲ ನಾ!"

ಪದ್ಮವ್ವ ನಗುತ್ತಲೇ ಅಕ್ಕಿಯ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. ಮಗ ಅರ್ಜುನ ಮೆಚ್ಚಿದ ಹುಡುಗಿ ರಂಜನಾ ಸಂಗೊಳ್ಳಿಯ ಆ ಮನೆಗೆ ಕಾಲಿಟ್ಟದ್ದು ಅಂದೇ ಮೊದಲು. ಅದೂ ಬೈಲಹೊಂಗಲದ ಪುರೋಹಿತರ ಮನೆಯ ಮಗಳು!

ಅಂಥ ಮನೆಗಳ ಅಂಗಳದಾಚೆ ನಿಂತೇ ಮಾತಾಡಿ ಬಂದವಳು ಪದ್ಮವ್ವ. ಅವಳು ಹೊಸ ಮದುವಣಗಿತ್ತಿಯಾಗಿದ್ದಾಗ ದೊಡ್ಡ ಮನೆಯ ಹೆಂಗಸೊಬ್ಬಳು ಉಡಿ ತುಂಬಿದ್ದುಂಟು... ಸೆರಗಿಗೆ ಕೈ ತಾಗದ ಹಾಗೆ, ಮೇಲಿನಿಂದ ಸುರಿದು! ಅರ್ಧ ಅಕ್ಕಿ ನೆಲಕ್ಕೆ ಬಿದ್ದಿತ್ತು.

ಇವತ್ತು ಒಂದು ಕಾಳೂ ಚೆಲ್ಲಬಾರದು. ಪದ್ಮವ್ವ ಗೋಡೆಯ ಮೇಲಿನ ಬುದ್ಧನ ಫೋಟೋಕ್ಕೆ ಕೈಮುಗಿದು, ಅಕ್ಕಿ, ಅರಿಶಿಣ ಬೇರು, ಹಸಿರು ರವಿಕೆ ಖಣ, ತೆಂಗಿನಕಾಯಿ ಎಲ್ಲವನ್ನೂ ರಂಜನಾಳ ಸೆರಗಿಗೆ ಜೋಪಾನವಾಗಿ ಇಟ್ಟಳು.

"ಈಗ ಸೊಂಟಕ್ಕ ಗಟ್ಟ್ಯಾಗಿ ಸಿಗಿಸ್ಕೋ. ತಡಿ, ನಾನ ಸಿಗಸ್ತೇನಿ..."

ಆ ಕೈ ರಂಜನಾಳ ಹೊಟ್ಟೆಯ ಬಲಗಡೆಗೆ ಬಂತು.

"ಮುಟ್ಟಬ್ಯಾಡ್ರಿ!"

ಚೀರಿದ್ದಷ್ಟೇ ಅಲ್ಲ, ಆ ಕೈಯನ್ನು ತಳ್ಳಿಯೂ ಬಿಟ್ಟಳು ರಂಜನಾ. ಕಾಯಿ ಉರುಳಿ ಹೊಸ್ತಿಲಿಗೆ ಬಡಿಯಿತು. ನೆಲದ ತುಂಬ ಅಕ್ಕಿ.

ಪದ್ಮವ್ವ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ತಪ್ಪಾತವ್ವಾ..." ಅಂದಳು, ಬಹಳ ಮೆತ್ತಗೆ.

ಬಾಗಿಲಲ್ಲಿ ನಿಂತಿದ್ದ ಅರ್ಜುನನ ಮುಖ ಕಪ್ಪಿಟ್ಟಿತು.

ಅವನು ಬೈಕಿನಲ್ಲಿ ಅವಳನ್ನು ಬಸ್ ನಿಲ್ದಾಣಕ್ಕೆ ಕರೆತಂದ. ಇಳಿದ ಮೇಲೆ ಮಾತು ತೆಗೆದ.

"ಉಣ್ಣಾಕ ಕುಂತಾಗ ಶೇಂಗಾ ಹೋಳಿಗಿ ಮುಟ್ಟಲಿಲ್ಲ. ಹಸಿವಿಲ್ಲ ಅಂದಿ, ನಂಬಿದೆ. ಈಗ ತಿಳೀತು ನನಗ."

"ಹಂಗಲ್ಲ ಅರ್ಜುನ..."

"ಮತ್ತ ಹೆಂಗ? ಹೇಳು!"

ರಂಜನಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಹೇಳುವುದಾದರೂ ಹೇಗೆ? ವರ್ಷಗಟ್ಟಲೆ ಅವಳ ದೊಡ್ಡ ಕರುಳು ಹುಣ್ಣಾಗಿತ್ತು. ಔಷಧಿಗಳೆಲ್ಲ ಸೋತಾಗ ಡಾಕ್ಟರರು ಆ ಕರುಳನ್ನೇ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದಿದ್ದರು. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಅದರ ಮೇಲೊಂದು ಅಂಟುಚೀಲ. ಮಲ ಸೇರುವುದು ಅದರೊಳಗೆ... ಜೀವ ಇರುವತನಕ. ಬಿಗಿಯಾಗಿ ಏನಾದರೂ ಒತ್ತಿದರೆ ಅಂಟು ಬಿಟ್ಟು ಸೋರುತ್ತದೆ. ಶೇಂಗಾ ತಿಂದರೆ ಕರುಳು ಕಟ್ಟಿಕೊಂಡೀತೆಂಬ ಹೆದರಿಕೆ.

'ಜಾತಿ ಮಾಡುವವಳು ಅಂದುಕೊಂಡರೆ ಸಿಟ್ಟಾಗುತ್ತಾನೆ. ಇದು ಗೊತ್ತಾದರೆ ಹೇಸುತ್ತಾನೆ... ಸಿಟ್ಟನ್ನಾದರೂ ತಡೆದುಕೊಂಡೇನು!'

ಬಸ್ಸು ಬಂತು. ಅವಳು ಏನೂ ಹೇಳದೆ ಹತ್ತಿಬಿಟ್ಟಳು.

ಅವರಿಬ್ಬರ ಪರಿಚಯವಾದದ್ದೇ ನೀರಿನಿಂದ. ಬೈಲಹೊಂಗಲದಲ್ಲಿ ರಂಜನಾ ಕೆಲಸ ಮಾಡುವ ಸೊಸೈಟಿಯ ಪಂಪು ಸುಟ್ಟಾಗ, ಕಿತ್ತೂರಿನಿಂದ ಬಂದ ಮೋಟಾರು ರಿಪೇರಿಯವನು ಅರ್ಜುನ. "ಇವತ್ತ ಆಗಂಗಿಲ್ರಿ ಮೇಡಮ್" ಅಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಚೀಲ ಖಾಲಿ ಮಾಡಲು ನೀರಿಲ್ಲದಿದ್ದರೆ ಹೇಗೆ? ಅವನು ಕಾರಣ ಕೇಳಲಿಲ್ಲ. ಪಕ್ಕದ ಬೋರಿನಿಂದ ಬಕೀಟುಗಳನ್ನು ಹೊತ್ತು ತಂದು ಬಚ್ಚಲಿನಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಹೋಗಿದ್ದ. ಆ ಮುಚ್ಚಿದ ತಟ್ಟೆಗೇ ಅವಳು ಮನಸೋತದ್ದು!

ಅಂಥವನ ತಾಯಿಯ ಕೈಯನ್ನು ತಾನು ತಳ್ಳಿ ಬಂದಿದ್ದಳು.

ಅವನ ಫೋನು ಬರುವುದು ನಿಂತಿತು. ಅವಳೂ ಮಾಡಲಿಲ್ಲ. ಊಟ ಸೇರದ ಮಗಳನ್ನು ನೋಡಿ ತಾಯಿ ಕಮಲಾಬಾಯಿ ಒಂದು ಸಂಜೆ ಸಮಾಧಾನ ಹೇಳಿದರು.

"ಛಲೋ ಆತು ಬಿಡು. ತಾನ ತಪ್ಪಿ ಹೋತು. ಆ ಮಂದಿ ಮನ್ಯಾಗ ನೀರು ಹೆಂಗ ಕುಡೀತಿದ್ದಿ ನೀ?"

ರಂಜನಾ ತಾಯಿಯ ಕೈಗಳನ್ನೇ ನೋಡಿದಳು. ಆಸ್ಪತ್ರೆಯಲ್ಲಿ ತನಗೇ ತನ್ನ ಹೊಟ್ಟೆ ನೋಡಲು ಧೈರ್ಯವಿಲ್ಲದಾಗ, ಒಂದು ಸಲವೂ ಮೂಗು ಮುರಿಯದೆ ಆ ಚೀಲ ತೊಳೆದ ಕೈಗಳು ಇವೇ! ಇಷ್ಟು ಪ್ರೀತಿ, ಇಷ್ಟು ಹೇಸಿಗೆ... ಒಂದೇ ಜೋಡಿ ಕೈಗಳಲ್ಲಿ ಹೇಗೆ ಇರುತ್ತವೆ?

"ಅಮ್ಮಾ, ನಾನೂ ನಿನ್ನಂಗ ಇದ್ದೀನಿ ಅಂತ ತಿಳಕೊಂಡಾರ ಅವರು."

"ತಿಳಕೊಳ್ಳಲಿ. ಚೀಲದ ಸುದ್ದಿ ಊರಿಗೆಲ್ಲ ಆಗೋದಕ್ಕಿಂತ ಅದ ವಾಸಿ."

ತಾನು ಬಸ್ ನಿಲ್ದಾಣದಲ್ಲಿ ಅಂದುಕೊಂಡದ್ದೂ ಇದನ್ನೇ ಅಲ್ಲವೇ? ತಾಯಿಯ ಬಾಯಿಂದ ಕೇಳಿದಾಗ ರಂಜನಾಳಿಗೆ ಮೈ ಉರಿಯಿತು.

ಮರುದಿನ ರಜೆ ಹಾಕಿ ಕಿತ್ತೂರಿಗೆ ಹೋದಳು.

ಹೆದ್ದಾರಿಯ ಮಗ್ಗುಲಿನ ಅಂಗಡಿಯಲ್ಲಿ ಅರ್ಜುನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಎತ್ತಿದ. ಕುರ್ಚಿಯ ಮೇಲಿನ ಧೂಳು ಒರೆಸಿ ಮುಂದಕ್ಕೆ ಸರಿಸಿದ.

ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಹುಣ್ಣು, ಆಪರೇಷನ್ನು, ಚೀಲ. ಒಂದನ್ನೂ ಮುಚ್ಚಿಡಲಿಲ್ಲ.

ಅವನ ಕೈಯಲ್ಲಿ ತಂತಿ ಹಾಗೇ ನಿಂತಿತ್ತು.

"ಯಾವಾಗ ಗುಣ ಆಕ್ಕೈತಿ?"

"ಆಗೂದಿಲ್ಲ. ಚೀಲ ಕಡೀತನಕ ಇರ್ತದ. ಮೈಯಾಗ ನೀರು ಕಡಿಮಿ ಆದ್ರ ದವಾಖಾನಿಗೆ ಓಡಬೇಕು. ರಾತ್ರಿ ಸೋರಿದ್ರ ಹಾಸಿಗಿ ಹಾಳಾಗ್ತದ. ಮದುವಿ ಆದಾವ್ರು ಇದ್ದಾರ, ಮಕ್ಕಳಾದಾವ್ರೂ ಇದ್ದಾರ... ನನಗ ಹೆಂಗೋ ಗೊತ್ತಿಲ್ಲ."

ರಂಜನಾ ಅವನ ಕಣ್ಣುಗಳಲ್ಲಿ ಹೇಸಿಗೆಯನ್ನು ಹುಡುಕಿದಳು. ಕಂಡದ್ದು ಬೇರೆ.

"ಸುಳ್ಳು ಹೇಳಂಗಿಲ್ಲ, ಹೆದರಿಕಿ ಆಗೈತಿ ನನಗ," ಅಂದ. "ಆದ್ರ ಸಿಟ್ಟು ಅದಕ್ಕಲ್ಲ ರಂಜನಾ! ನಮ್ಮವ್ವ ಅವತ್ತಿಂದ ಕೈ ತೊಳಕೊಳ್ಳಾಕ ಹತ್ಯಾಳ. 'ಏನರ ಹತ್ತಿತ್ತೇನೋ, ಅದಕ್ಕ ಹುಡುಗಿ ಹಂಗ ಮಾಡ್ತು' ಅಂತಾಳ. ನಿನ್ನ ನಾಚಿಕಿ ಮುಚ್ಚಾಕ ನಮ್ಮವ್ವನ ಮಾನ ಬೇಕಾತೇನು?"

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ಪಕ್ಕದ ಹೋಟೆಲಿನಿಂದ ಉಪ್ಪು ಹಾಕಿದ ಮಜ್ಜಿಗೆ ತಂದು ಅವಳೆದುರು ಇಟ್ಟ.

"ಕುಡಿ. ಮೈಯಾಗ ನೀರು ಕಡಿಮಿ ಆಗಬಾರದಂತ ನೀನ ಹೇಳಿದಿ. ಆಮ್ಯಾಲ ನಡಿ, ಅವ್ವಗ ನೀನ ಹೇಳು. ನಾ ಹೇಳಂಗಿಲ್ಲ."

ಸಂಗೊಳ್ಳಿಯಲ್ಲಿ ಪದ್ಮವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ರಂಜನಾಳನ್ನು ಕಂಡು ತಟಕ್ಕನೆ ಎದ್ದು, ಗೋಡೆಯ ಕಡೆ ಸರಿದು ದಾರಿ ಬಿಟ್ಟಳು. ಅವಳ ಸೆರಗು ಇವಳಿಗೆ ತಾಗದ ಹಾಗೆ!

ಆ ಸರಿದು ನಿಂತದ್ದು ರಂಜನಾಳ ಎದೆಗೆ ಇರಿದಂತಾಯಿತು. ಮುಂದೆ ಹೋಗಿ ಆ ಒರಟು ಕೈಯನ್ನು ಹಿಡಿದು, ತನ್ನ ಹೊಟ್ಟೆಯ ಬಲಗಡೆಗೆ, ಸೀರೆಯ ಮೇಲೆಯೇ ಮೆಲ್ಲಗೆ ಇಟ್ಟುಕೊಂಡಳು.

"ಇದಕ್ಕ ಬ್ಯಾಡ ಅಂದೆರಿ... ನಿಮ್ಮ ಕೈಗಲ್ಲ."

ಅಲ್ಲೇ ನಿಂತು ಎಲ್ಲ ಹೇಳಿದಳು. ಪದ್ಮವ್ವನ ಬೆರಳುಗಳು ಚೀಲದ ಅಂಚನ್ನು ಗುರುತಿಸಿ, ಹೆದರಿ, ಹಗುರಾದವು. ಕೈ ಹಿಂದೆಗೆಯಲಿಲ್ಲ.

"ನೋಯ್ತೈತೇನು?"

"ಇಲ್ರಿ, ಈಗಿಲ್ಲ."

ಪದ್ಮವ್ವ ಮತ್ತೆ ಕಟ್ಟೆಯ ಮೇಲೆ ಕೂತಳು.

"ಹೊಟ್ಟೀದು ಮುಚ್ಚಿಟ್ಟಿದ್ದು ತಪ್ಪನ್ನಂಗಿಲ್ಲವ್ವಾ, ಹೆಣ್ಮಗಳು ನೀ. ಆದ್ರ ಹಿಂಗಲ್ಲ ಅಂತ ಒಂದ ಮಾತು ಹೇಳಿ ಹೋಗಬೇಕಾಗಿತ್ತು. ಆ ಅಕ್ಕಿ ನಾ ಒಬ್ಬಾಕಿನ ಕುಂತು ಬಳದೆ."

"ತಪ್ಪಾತ್ರಿ."

"ಹೂಂ. ಉಡಿ ಇವತ್ತ ತುಂಬಂಗಿಲ್ಲ. ಮನಸ್ಸು ಇನ್ನಾ ತಿಳಿ ಆಗಿಲ್ಲ ನಂದು."

ಎದ್ದು ಒಳಗೆ ಹೋದಳು. ರಂಜನಾ ತಲೆ ತಗ್ಗಿಸಿ ಕಟ್ಟೆಯ ಮೇಲೆ ಕುಸಿದು ಕೂತಳು. ಹಿತ್ತಲ ಕಡೆಯಿಂದ ನೀರು ಬೀಳುವ ಸಪ್ಪಳ ಬಂತು. ಆಮೇಲೆ ತಟ್ಟೆ ಮುಚ್ಚಿದ ಸಪ್ಪಳ.

ಅರ್ಜುನ ಅವಳ ಪಕ್ಕ ಕೂತ. ತುಸು ದೂರ. ಆಮೇಲೆ ತುಸು ಹತ್ತಿರ.

"ಆ ಚೀಲ ಸಪ್ಪಳ ಮಾಡ್ತೈತೇನು?"

"ಮಾಡ್ತದ. ನಾಕ ಮಂದಿ ನಡುವನೂ."

"ನಮ್ಮ ಅಂಗಡ್ಯಾಗ ಮೋಟಾರ್ ಹಚ್ಚಿದ್ರ ನನ್ನ ಮಾತ ನನಗ ಕೇಳಂಗಿಲ್ಲ. ಅಲ್ಲೇ ಬಂದು ಕುಂದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಹೆದರಿಕಿ ಹೋತೇನು ನಿಂದು?"

"ಇಲ್ಲ. ಹೆದರಕೋತನ ಇರ್ತೇನಿ... ನಿನ್ನ ಬಾಜೂಕ."

ರಂಜನಾ ಅವನ ತೋಳಿಗೆ ಹಣೆ ಒರಗಿಸಿದಳು.

"ಅರ್ಜುನ... ನಿಮ್ಮವ್ವ ನನ್ನ ಎಂದರ ಕ್ಷಮಿಸ್ತಾರೇನು?"

ಅವನು ಹಿತ್ತಲ ಕಡೆ ನೋಡಿದ.

"ಗೊತ್ತಿಲ್ಲ. ನಿನಗಂತ ಬಕೀಟಂತೂ ತುಂಬಿಟ್ಟಾಳ."